ನಕ್ಷೆಯ ಮೊದಲ ಗೆರೆ ನೀರಿನದಾಗಲಿ: ನಗರ ಯೋಜಕರಿಗೊಂದು ಬಹಿರಂಗ ಪತ್ರ

ಇವರಿಗೆ,
ನಗರ ಯೋಜನಾ ಪ್ರಾಧಿಕಾರಗಳ ಅಧ್ಯಕ್ಷರು, ಆಯುಕ್ತರು, ಯೋಜಕರು ಮತ್ತು ಎಂಜಿನಿಯರುಗಳು

ಮಾನ್ಯರೇ,

ನಾನು ಮೂವತ್ತೊಂದು ವರ್ಷ ನಗರ ಯೋಜನೆಯ ಕಚೇರಿಯೊಂದರಲ್ಲಿ ನಕ್ಷೆ ಬಿಡಿಸುತ್ತಿದ್ದವನು. ತೀರ್ಮಾನ ತೆಗೆದುಕೊಳ್ಳುವ ಕುರ್ಚಿಯಲ್ಲಿ ನಾನು ಎಂದೂ ಕುಳಿತವನಲ್ಲ. ತೀರ್ಮಾನವಾದದ್ದನ್ನು ಹಾಳೆಯ ಮೇಲೆ ಇಳಿಸುವುದಷ್ಟೇ ನನ್ನ ಕೆಲಸವಾಗಿತ್ತು. ಆದರೆ ಯಾವ ಹಾಳೆಯ ಮೇಲೆ ಮೊದಲು ಏನಿತ್ತು, ಆಮೇಲೆ ಏನು ಬಂತು ಎಂಬುದನ್ನು ನಕ್ಷೆಗಾರನಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಈ ಪತ್ರ ಬರೆಯುವುದಕ್ಕೆ ನನಗಿರುವ ಅರ್ಹತೆ ಅದೊಂದೇ.

ಕಂಪ್ಯೂಟರ್ ಬರುವ ಮೊದಲು ನಾವು ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಬರೆಯುತ್ತಿದ್ದೆವು. ತಿದ್ದಬೇಕಾದರೆ ರಬ್ಬರ್ ಸಾಲುತ್ತಿರಲಿಲ್ಲ. ಅರ್ಧ ಬ್ಲೇಡನ್ನು ಓರೆಯಾಗಿ ಹಿಡಿದು, ಹಾಳೆ ಹರಿಯದಂತೆ ಉಸಿರು ಬಿಗಿಹಿಡಿದು, ಶಾಯಿಯ ಪದರವನ್ನಷ್ಟೇ ಕೆರೆದು ತೆಗೆಯಬೇಕಿತ್ತು. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಹಿರಿಯ ಅಧಿಕಾರಿಯೊಬ್ಬರು ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. ಅದರಲ್ಲೊಂದು ಹಳ್ಳವಿತ್ತು. ಮೂರು ಕಡೆ ಬಾಗಿ, ನಡುವೆ ಒಂದೆಡೆ ಅಗಲವಾಗಿ, ಮತ್ತೆ ಕಿರಿದಾಗಿ ಸಾಗುವ ನೀಲಿ ಗೆರೆ. ಅದರ ಎರಡೂ ಬದಿಗಳಲ್ಲಿ ಜೌಗು ನೆಲವನ್ನು ಸೂಚಿಸುವ ಸಣ್ಣ ಸಣ್ಣ ಹುಲ್ಲಿನ ಗುರುತುಗಳು. ಹೊಸ ಬಡಾವಣೆಯ ನಿವೇಶನಗಳು ಒಪ್ಪವಾದ ಆಯತಗಳಾಗಿ ಬರಬೇಕೆಂದರೆ ಹಳ್ಳ ನೆಟ್ಟಗಾಗಬೇಕಿತ್ತು. ಇಡೀ ಮಧ್ಯಾಹ್ನ ಕೂತು ಕೆರೆದೆ. ಬಾಗಿದ ನೀಲಿ ಗೆರೆಯಿದ್ದ ಕಡೆ ಸ್ಕೇಲ್ ಇಟ್ಟು ಎರಡು ಸಮಾನಾಂತರ ಕಪ್ಪು ಗೆರೆಗಳನ್ನೆಳೆದು, ‘ಮಳೆನೀರು ಚರಂಡಿ’ ಎಂದು ಬರೆದೆ. ಹುಲ್ಲಿನ ಗುರುತುಗಳಿದ್ದ ಜಾಗಕ್ಕೆ ನಿವೇಶನ ಸಂಖ್ಯೆಗಳು ಬಂದವು. ಕೆಲಸ ಅಚ್ಚುಕಟ್ಟಾಗಿದೆಯೆಂದು ಅಧಿಕಾರಿಗಳು ಹೊಗಳಿದರು.

ಹದಿನೆಂಟು ವರ್ಷಗಳ ನಂತರ ಒಂದು ರಾತ್ರಿ ಸುರಿದ ಮಳೆಗೆ ಆ ಬಡಾವಣೆ ಮುಳುಗಿತು. ಮಾರನೆಯ ದಿನ ಹಾನಿಯ ಪಟ್ಟಿ ಮಾಡಲು ಹೋದ ತಂಡದಲ್ಲಿ ನಾನೂ ಇದ್ದೆ. ಒಂದು ಮನೆಯಲ್ಲಿ ಗೋಡೆಯ ಮೇಲೆ ಕೆಸರಿನ ಗೆರೆ ಸ್ವಿಚ್ ಬೋರ್ಡಿನ ಕೆಳಗಿನ ಅಂಚನ್ನು ಮುಟ್ಟಿ ನಿಂತಿತ್ತು. ಆ ಮನೆಯ ಅಜ್ಜಿ ನನ್ನನ್ನು ಕೇಳಿದರು, “ಎದುರು ಸಾಲಿನ ಮನೆಗಳಿಗೆ ಒಂದು ತೊಟ್ಟು ನೀರೂ ನುಗ್ಗಲಿಲ್ಲ. ನಮಗೆ ಮಾತ್ರ ಯಾಕೆ ಹೀಗಾಯಿತು?” ನಾನು ಉತ್ತರ ಹೇಳಲಿಲ್ಲ. ಕಚೇರಿಗೆ ಬಂದು ಬಡಾವಣೆಯ ನಕ್ಷೆಯ ಮೇಲೆ ನೀರು ನುಗ್ಗಿದ ಮನೆಗಳಿಗೆಲ್ಲ ಪೆನ್ಸಿಲಿನಿಂದ ಒಂದೊಂದು ಚುಕ್ಕೆ ಇಟ್ಟೆ. ಚುಕ್ಕೆಗಳನ್ನು ಸೇರಿಸಿದಾಗ ನಾನು ಕೆರೆದು ತೆಗೆದಿದ್ದ ಗೆರೆ ಮೂರು ಬಾಗುಗಳೊಂದಿಗೆ ಹಾಳೆಯ ಮೇಲೆ ಎದ್ದು ಕಂಡಿತು. ನಡುವೆ ಅಗಲವಾಗಿದ್ದ ಜಾಗದಲ್ಲಿ ಚುಕ್ಕೆಗಳೂ ಅಗಲವಾಗಿ ಹರಡಿದ್ದವು. ಅಜ್ಜಿಯ ಮನೆ ಅಲ್ಲಿಯೇ ಇತ್ತು.

ಆ ಪ್ರವಾಹದ ನಂತರ ನಡೆದದ್ದೇನು? ಚರಂಡಿಯ ಗೋಡೆಗಳನ್ನು ಒಂದು ಮೀಟರ್ ಎತ್ತರಿಸಲಾಯಿತು. ತಳಕ್ಕೂ ಕಾಂಕ್ರೀಟ್ ಹಾಕಲಾಯಿತು. ನೀರು ಇನ್ನೂ ವೇಗವಾಗಿ ಹರಿದು, ಮುಂದಿನ ಮಳೆಗಾಲದಲ್ಲಿ ಕೆಳಗಿನ ಬಡಾವಣೆಗೆ ನುಗ್ಗಿತು. ಅಲ್ಲಿಯೂ ಗೋಡೆ ಎತ್ತರಿಸುವ ಕಾಮಗಾರಿಗೆ ಅಂದಾಜುಪಟ್ಟಿ ತಯಾರಾಯಿತು. ಅದರ ನಕ್ಷೆಯನ್ನೂ ನಾನೇ ಬಿಡಿಸಿದೆ.

ಇದು ಒಂದು ಕಚೇರಿಯ ಕಥೆಯಾಗಿದ್ದರೆ ಬಹಿರಂಗ ಪತ್ರದ ಅಗತ್ಯವಿರಲಿಲ್ಲ. ಜಗತ್ತಿನ ಯಾವ ಖಂಡದ ನಗರವನ್ನು ತೆಗೆದುಕೊಂಡರೂ ಕಳೆದ ಶತಮಾನದಲ್ಲಿ ನಡೆದದ್ದು ಇದೇ. ಮೊದಲು ರಸ್ತೆ, ಆಮೇಲೆ ನಿವೇಶನ, ಅದಾದ ಮೇಲೆ ಕೊಳವೆಗಳು. ಎಲ್ಲ ಮುಗಿದು ಯಾವುದಕ್ಕೂ ಬಾರದೆ ಉಳಿದ ಮೂಲೆಗಳಿಗೆ ಹಸಿರು ಬಣ್ಣ. ನನ್ನ ದೂರು ಈ ಅನುಕ್ರಮದ ಬಗ್ಗೆ.

ತಮಗೆ ತಿಳಿಯದ ಲೆಕ್ಕವನ್ನೇನೂ ನಾನು ಹೇಳುತ್ತಿಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಹೆಕ್ಟೇರ್ ಮೇಲೆ 50 ಮಿಲಿಮೀಟರ್ ಬಿದ್ದರೆ ಐದು ಲಕ್ಷ ಲೀಟರ್. ಆ ನೆಲ ಹುಲ್ಲು ಬೆಳೆದ ಸಡಿಲ ಮಣ್ಣಾಗಿದ್ದರೆ, ತಮ್ಮದೇ ಕೈಪಿಡಿಗಳ ಗುಣಾಂಕದ ಪ್ರಕಾರ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಹರಿದುಹೋಗುತ್ತದೆ, ಉಳಿದದ್ದು ಇಂಗುತ್ತದೆ, ಇಲ್ಲವೇ ನಿಂತು ನಿಧಾನವಾಗಿ ಆವಿಯಾಗುತ್ತದೆ. ಅದೇ ನೆಲಕ್ಕೆ ಕಾಂಕ್ರೀಟ್ ಹಾಸಿದರೆ ಹತ್ತರಲ್ಲಿ ಒಂಬತ್ತು ಪಾಲು ಓಡುತ್ತದೆ, ಅದೂ ಒಂದೇ ಸಮಯಕ್ಕೆ, ಒಂದೇ ಚರಂಡಿಗೆ. ಈ ಲೆಕ್ಕವನ್ನು ಚರಂಡಿ ಎಷ್ಟು ದೊಡ್ಡದಿರಬೇಕೆಂದು ತಿಳಿಯಲು ನಮ್ಮ ಎಂಜಿನಿಯರುಗಳು ದಿನವೂ ಬಳಸುತ್ತಿದ್ದರು. ನೆಲವನ್ನು ಎಷ್ಟು ಮುಚ್ಚಬಹುದೆಂದು ತಿಳಿಯಲು ಅದನ್ನು ಬಳಸಿದ್ದನ್ನು ಮೂವತ್ತೊಂದು ವರ್ಷಗಳಲ್ಲಿ ನಾನು ಒಮ್ಮೆಯೂ ಕಾಣಲಿಲ್ಲ.

ಕೆರೆದ ಗೆರೆಯನ್ನು ಮತ್ತೆ ಬರೆಯಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಸಿಂಗಪುರದ ಒಂದು ನಕ್ಷೆಯಲ್ಲಿ. ಅಲ್ಲಿನ ಕಲ್ಲಾಂಗ್ ನದಿ ಬಿಷನ್-ಆಂಗ್ ಮೊ ಕಿಯೊ ಉದ್ಯಾನದ ಅಂಚಿನಲ್ಲಿ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿ ಹರಿಯುತ್ತಿತ್ತು. ಆ ಕಾಂಕ್ರೀಟನ್ನು ಒಡೆದು, ನದಿಯನ್ನು ಉದ್ಯಾನದೊಳಕ್ಕೆ ಬಾಗಿಸಿ ಬಿಟ್ಟರು. 2012ರಲ್ಲಿ ಉದ್ಯಾನ ಮತ್ತೆ ತೆರೆದಾಗ ಅದೇ ನದಿ 3.2 ಕಿಲೋಮೀಟರ್ ಉದ್ದವಾಗಿತ್ತು! ನಾನು ಈ ಎರಡು ಅಂಕಿಗಳನ್ನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದೆ. ಅರ್ಧ ಕಿಲೋಮೀಟರ್ ನದಿಯನ್ನು ಯಾರೋ ಬ್ಲೇಡಿನಿಂದ ಕೆರೆದಿದ್ದರು, ಇನ್ಯಾರೋ ಅದನ್ನು ಮರಳಿ ಬರೆದರು. ದಂಡೆ ಕುಸಿಯದಂತೆ ಬೇರು, ಕಡ್ಡಿಗಳ ಕಟ್ಟು, ಕಲ್ಲುಗಳನ್ನು ಬಳಸಿದರು. ಮಳೆಯಿಲ್ಲದ ದಿನ ಮಕ್ಕಳು ಕಾಲಾಡಿಸುವ ತೊರೆ ಅದು. ಜೋರು ಮಳೆ ಬಂದರೆ ಉದ್ಯಾನದ ಹುಲ್ಲುಗಾವಲಿಗೆ ಹರಡಿಕೊಂಡು ಅಗಲವಾದ ನದಿಯಾಗುತ್ತದೆ. ಜನ ಮೇಲೇರಿ ಹೋಗಲೆಂದು ಎಚ್ಚರಿಕೆಯ ದೀಪಗಳನ್ನೂ ಸೈರನ್‌ಗಳನ್ನೂ ಇಟ್ಟಿದ್ದಾರೆ. ಅಂಗುಲ ಅಂಗುಲ ಜಾಗಕ್ಕೂ ಬೆಲೆಯಿರುವ ಆ ದ್ವೀಪದಲ್ಲಿ ಇದು ಆಗಿದೆ. ‘ನಮ್ಮಲ್ಲಿ ಜಾಗವಿಲ್ಲ’ ಎಂಬ ಮಾತನ್ನು ಸಭೆಗಳಲ್ಲಿ ಕೇಳಿದಾಗಲೆಲ್ಲ ನನಗೆ ಆ ಅರ್ಧ ಕಿಲೋಮೀಟರ್ ನೆನಪಾಗುತ್ತದೆ.

ಕೋಪನ್‌ಹೇಗನ್ ನಗರದ್ದು ಬೇರೆ ದಾರಿ. 2011ರ ಜುಲೈ 2ರಂದು ಅಲ್ಲಿ ಎರಡು ಗಂಟೆಗಳಲ್ಲಿ ಸುಮಾರು 150 ಮಿಲಿಮೀಟರ್ ಮಳೆ ಸುರಿದು ಬೀದಿಗಳು, ನೆಲಮಾಳಿಗೆಗಳು ತುಂಬಿಹೋದವು. ಕೊಳವೆಗಳನ್ನು ಇನ್ನಷ್ಟು ದಪ್ಪ ಮಾಡುವುದೊಂದೇ ದಾರಿಯಲ್ಲವೆಂದು ಆ ನಗರ ಕಂಡುಕೊಂಡಿತು. ಮರುವರ್ಷ ಒಪ್ಪಿದ ಯೋಜನೆಯಲ್ಲಿ ಉದ್ಯಾನ, ಚೌಕ, ಬೀದಿಗಳನ್ನೇ ನೀರು ಹಿಡಿಯುವ ಪಾತ್ರೆಗಳನ್ನಾಗಿ ಮಾಡುವ ಸುಮಾರು 300 ಕಾಮಗಾರಿಗಳಿವೆ. ಎಂಗೇವಪಾರ್ಕನ್ ಎಂಬ ಹಳೆಯ ಉದ್ಯಾನವೊಂದನ್ನು 22,600 ಘನ ಮೀಟರ್, ಎಂದರೆ ಎರಡು ಕೋಟಿ ಇಪ್ಪತ್ತಾರು ಲಕ್ಷ ಲೀಟರ್ ನೀರು ಹಿಡಿಯುವಂತೆ ತಿದ್ದಿದರು. ಉಳಿದ ದಿನಗಳಲ್ಲಿ ಅಲ್ಲಿ ಜನ ಆಡುತ್ತಾರೆ, ಕೂರುತ್ತಾರೆ. ಒಂದು ದೊಡ್ಡ ಭೂಗತ ತೊಟ್ಟಿ ಕಟ್ಟಿದ್ದರೆ ವರ್ಷದ ಮುನ್ನೂರಐವತ್ತು ದಿನ ಅದು ಕತ್ತಲಲ್ಲಿ ಖಾಲಿ ಬಿದ್ದಿರುತ್ತಿತ್ತು.

ಮೂರನೆಯ ಉದಾಹರಣೆ ನೆದರ್ಲೆಂಡ್ಸಿನದು. ಅದು ನೋವಿನದೂ ಹೌದು. 1995ರ ನೆರೆಯಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾಗಿ ಬಂದ ಮೇಲೆ, ಶತಮಾನಗಳಿಂದ ಏರಿಗಳನ್ನು ಎತ್ತರಿಸುತ್ತಲೇ ಬಂದಿದ್ದ ಆ ದೇಶ ‘ನದಿಗೆ ಜಾಗ’ ಎಂಬ ಯೋಜನೆಗೆ ಕೈಹಾಕಿತು. ನೈಮೇಗನ್ ನಗರದ ಎದುರು ದಡದಲ್ಲಿ ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿ ವಾಲ್ ನದಿಗೆ ಇನ್ನೊಂದು ಪಾತ್ರವನ್ನೇ ತೋಡಿದರು. ಅದಕ್ಕಾಗಿ ಸುಮಾರು ಐವತ್ತು ಮನೆಗಳು ಹೋದವು. ನಾನು ಇದನ್ನು ಮುಚ್ಚಿಡಲಾರೆ. ನದಿಗೆ ಜಾಗ ಕೊಡುವುದೆಂದರೆ ಯಾರೋ ಜಾಗ ಬಿಟ್ಟುಕೊಡುವುದು. ಅವರಿಗೆ ಮೊದಲೇ ತಿಳಿಸಿ, ಮಾತುಕತೆಗೆ ಕೂರಿಸಿ, ನ್ಯಾಯವಾದ ಪರಿಹಾರ ಕೊಟ್ಟು ಮಾಡಿದರೆ ಮಾತ್ರ ಅದನ್ನು ಯೋಜನೆ ಎನ್ನಬಹುದು. ಬಡವರ ಗುಡಿಸಲುಗಳನ್ನು ಮಾತ್ರ ಕಿತ್ತು, ಪಕ್ಕದ ದೊಡ್ಡ ಕಟ್ಟಡಗಳ ಕಾಂಪೌಂಡ್ ಗೋಡೆಯನ್ನು ಮುಟ್ಟದೆ ಬಿಟ್ಟರೆ ಅದು ಪ್ರಕೃತಿಯ ಹೆಸರಿನಲ್ಲಿ ಮಾಡಿದ ಅನ್ಯಾಯ.

ಮಾನ್ಯರೇ, ‘ಪ್ರಕೃತಿ ಆಧಾರಿತ ಪರಿಹಾರ’ ಎಂಬ ಮಾತು ಈಗ ತಮ್ಮ ಎಲ್ಲ ಕಡತಗಳಲ್ಲೂ ಇದೆ. ವಿಶ್ವಸಂಸ್ಥೆಯ ಪರಿಸರ ಸಭೆ 2022ರ ಮಾರ್ಚ್‌ನಲ್ಲಿ ಇದಕ್ಕೆ ಒಪ್ಪಿತ ವ್ಯಾಖ್ಯೆ ಕೊಟ್ಟಿದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ 2020ರಲ್ಲೇ ಎಂಟು ಮಾನದಂಡಗಳನ್ನು ಪ್ರಕಟಿಸಿದೆ. ಎರಡೂ ಕಡೆ ಒತ್ತು ಇರುವುದು ಒಂದೇ ಮಾತಿಗೆ: ಸಮಾಜದ ಸಮಸ್ಯೆ ಬಗೆಹರಿಯಬೇಕು, ಜನರಿಗೆ ಒಳಿತಾಗಬೇಕು, ಜೀವವೈವಿಧ್ಯಕ್ಕೂ ಲಾಭವಾಗಬೇಕು. ಮೂರೂ ಒಟ್ಟಿಗೆ ಆಗಬೇಕು. ಮೇಲ್ಸೇತುವೆಯ ಕಂಬಕ್ಕೆ ಪ್ಲಾಸ್ಟಿಕ್ ಕುಂಡಗಳನ್ನು ತೂಗುಹಾಕಿ, ಟ್ಯಾಂಕರ್ ನೀರು ಹಾಯಿಸಿ, ಒಣಗಿದಾಗ ಬೇರೆ ಕುಂಡ ತರುವುದು ಇದರಲ್ಲಿ ಸೇರುವುದಿಲ್ಲ. ಕೆರೆಯ ಸುತ್ತ ಕಾಂಕ್ರೀಟ್ ಗೋಡೆ ಕಟ್ಟಿ, ಜೊಂಡನ್ನೆಲ್ಲ ಕಿತ್ತು, ಅಂಚಿಗೆ ಹಾಸುಗಲ್ಲಿನ ನಡಿಗೆ ಪಥ ಮಾಡುವುದೂ ಸೇರುವುದಿಲ್ಲ. ಆ ಜೊಂಡೇ ನೀರನ್ನು ಶುದ್ಧ ಮಾಡುತ್ತಿತ್ತು, ಹಕ್ಕಿಗೆ ಗೂಡಾಗಿತ್ತು.

ಈ ಮಾತಿನ ಹೆಸರಿನಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ನಿವೃತ್ತಿಯ ಹಿಂದಿನ ವರ್ಷ ಒಂದು ರಸ್ತೆಯ ಬದಿಯಲ್ಲಿ ಮಳೆತೋಟ ಮಾಡಿದರು. ರಸ್ತೆಯ ನೀರು ಅಂಚುಗಲ್ಲಿನ ಸಂದಿನಿಂದ ತೋಟದೊಳಗೆ ಇಳಿದು, ಮರಳು ಬೆರೆತ ಮಣ್ಣಿನಲ್ಲಿ ಸೋಸಿ ಇಂಗಬೇಕು. ಅದಕ್ಕಾಗಿ ತೋಟ ರಸ್ತೆಗಿಂತ ಒಂದು ಗೇಣು ತಗ್ಗಿನಲ್ಲಿರಬೇಕು. ನಕ್ಷೆಯಲ್ಲಿ ತಗ್ಗನ್ನು ನಾನೇ ತೋರಿಸಿದ್ದೆ. ಸ್ಥಳಕ್ಕೆ ಹೋಗಿ ನೋಡಿದರೆ ಗುತ್ತಿಗೆದಾರರು ತೋಟವೆಂದರೆ ದಿಬ್ಬ ಎಂದುಕೊಂಡು ಹತ್ತು ಲೋಡ್ ಮಣ್ಣು ಸುರಿದು ಏರಿಸಿದ್ದರು. ಅಂಚುಗಲ್ಲಿನ ಸಂದಿಗೆ ಆ ಮಣ್ಣೇ ಅಡ್ಡ. ಮೊದಲ ಮಳೆಗೆ ರಸ್ತೆಯ ನೀರು ಒಳಗೆ ಹೋಗುವುದಿರಲಿ, ತೋಟದ ಕೆಸರೇ ಸಂದಿನಿಂದ ಹೊರಬಂದು ರಸ್ತೆಗೆ ಹರಿಯಿತು. ಒಂದು ಸಲಿಕೆ ಹಿಡಿದು ಎರಡು ದಿನ ಕೆಲಸ ಮಾಡಿದ್ದರೆ ಸರಿಹೋಗುತ್ತಿತ್ತು. ಆದರೆ ಬಿಲ್ ಪಾವತಿಯಾಗಿತ್ತು, ಉದ್ಘಾಟನೆಯೂ ಮುಗಿದಿತ್ತು, ನಿರ್ವಹಣೆ ಯಾರದೆಂದು ಯಾವ ಕಡತದಲ್ಲೂ ಇರಲಿಲ್ಲ. ಎರಡು ವರ್ಷಗಳ ಬಳಿಕ ‘ಈ ಪದ್ಧತಿ ಇಲ್ಲಿಗೆ ಒಗ್ಗುವುದಿಲ್ಲ’ ಎಂಬ ಟಿಪ್ಪಣಿಯೊಂದಿಗೆ ಅದರ ಮೇಲೆ ಹಾಸುಗಲ್ಲು ಬಂತು. ಆ ಟಿಪ್ಪಣಿ ಸುಳ್ಳು. ಆ ಪದ್ಧತಿಯನ್ನು ಅಲ್ಲಿ ಯಾರೂ ಪರೀಕ್ಷಿಸಲೇ ಇಲ್ಲ.

ಕೊಳವೆ ಕೆಟ್ಟರೆ ದುರಸ್ತಿಗೆ ಹಣವಿದೆ, ಪಂಪು ಕೆಟ್ಟರೆ ಮೆಕ್ಯಾನಿಕ್ ಇದ್ದಾರೆ. ಜೌಗಿನಲ್ಲಿ ಹೂಳು ತುಂಬಿದರೆ ತೆಗೆಯುವವರು ಯಾರು? ಮೊದಲ ಎರಡು ಮೂರು ವರ್ಷ ಸಸಿಗೆ ನೀರು ಹಾಕುವವರು ಯಾರು? ಕೊಲಂಬಿಯಾದ ಮೆಡೆಲಿನ್ ನಗರ 2016ರಿಂದ ರಸ್ತೆ, ತೊರೆಗಳ ಗುಂಟ 30 ಹಸಿರು ಪಟ್ಟಿಗಳನ್ನು ಬೆಳೆಸಿತು. ಆ ಭಾಗಗಳಲ್ಲಿ ತಾಪಮಾನ ಸುಮಾರು 2 ಡಿಗ್ರಿ ಇಳಿದಿದೆಯೆಂದು ನಗರ ಹೇಳುತ್ತದೆ. ಆ ಅಂಕಿಗಿಂತ ನನ್ನ ಮನಸ್ಸಿಗೆ ಹೆಚ್ಚು ತಾಕಿದ್ದು ಬೇರೆಯೇ. ಬಡ ಬಡಾವಣೆಗಳ ಜನರಿಗೆ ತೋಟಗಾರಿಕೆಯ ತರಬೇತಿ ಕೊಟ್ಟು, ಆ ಹಸಿರನ್ನು ನೋಡಿಕೊಳ್ಳುವ ಕೆಲಸವನ್ನು ಅವರಿಗೇ ಕೊಟ್ಟರು. ಮರ ನೆಟ್ಟ ಸಂಖ್ಯೆಯನ್ನು ಪ್ರಕಟಿಸುವ ಪ್ರಾಧಿಕಾರಗಳು ನೂರಾರಿವೆ. ಐದು ವರ್ಷಗಳ ನಂತರ ಬದುಕುಳಿದ ಮರಗಳ ಸಂಖ್ಯೆಯನ್ನೂ ದಯವಿಟ್ಟು ಪ್ರಕಟಿಸಿ.

ಮರದ ತಂಪು ಕೇವಲ ನೆರಳಿನಿಂದ ಬರುವುದಲ್ಲ. ಒಂದು ಲೀಟರ್ ನೀರು ಎಲೆಯಿಂದ ಆವಿಯಾಗಲು ಸುತ್ತಲಿನಿಂದ ಹೀರುವ ಶಾಖ ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮ. ದಿನಕ್ಕೆ ನೂರು ಲೀಟರ್ ಬಿಡುವ ಒಂದು ಮರ ಹೆಚ್ಚುಕಡಿಮೆ 68 ಯೂನಿಟ್ ಶಾಖವನ್ನು ಬೀದಿಯಿಂದ ತೆಗೆದುಹಾಕುತ್ತದೆ. ಆದರೆ ಅದಕ್ಕೆ ನೀರು ಸಿಗಬೇಕು. ಕಾಂಡದ ತೊಗಟೆಗೆ ತಾಗುವಂತೆ ಕಾಂಕ್ರೀಟ್ ಸುರಿದ ಮರಗಳನ್ನು ತಾವೂ ನೋಡಿರುತ್ತೀರಿ. ಮಳೆ ಬಿದ್ದ ಸಂಜೆ ಅಂಥ ಮರದ ಬುಡದಲ್ಲಿ ನಿಂತು ನೋಡಿ. ಕಾಂಡದಗುಂಟ ಇಳಿದ ನೀರು ಕೆಳಗೆ ಬಂದು, ಒಳಗಿಳಿಯಲು ದಾರಿಯಿಲ್ಲದೆ, ಕಾಂಕ್ರೀಟಿನ ಮೇಲೆ ಹರಿದು ಚರಂಡಿಗೆ ಬೀಳುತ್ತದೆ. ಬೇರು ಒಂದಡಿ ಕೆಳಗೆ ಒಣ ಮಣ್ಣಿನಲ್ಲಿರುತ್ತದೆ.

ಹಸಿರಿನಿಂದ ಎಲ್ಲವೂ ಆಗುತ್ತದೆಂದು ನಾನು ವಾದಿಸುತ್ತಿಲ್ಲ. ಮಳೆನೀರನ್ನು ಸ್ಪಂಜಿನಂತೆ ಹೀರಿ ಹಿಡಿದಿಡುವ ನಗರಗಳನ್ನು ಮಾಡಲು ಚೀನಾ 2015ರಲ್ಲಿ ‘ಸ್ಪಂಜು ನಗರ’ ಯೋಜನೆಗೆ ಮೊದಲ 16 ನಗರಗಳನ್ನು ಆರಿಸಿತು, ಆಮೇಲೆ ಅನೇಕ ನಗರಗಳು ಅದೇ ಹಾದಿ ಹಿಡಿದವು. ಅಂಥ ಕಾಮಗಾರಿಗಳನ್ನು ಕೈಗೊಂಡಿದ್ದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ರಂದು ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್ ಮಳೆ ಸುರಿದು ನೂರಾರು ಜನ ಸತ್ತರು. ಅಂಥ ಮಳೆಯನ್ನು ಮಳೆತೋಟಗಳು ಕುಡಿಯಲಾರವು. ಕೊಳವೆಯೂ ಬೇಕು, ಮುನ್ಸೂಚನೆಯೂ ಬೇಕು, ಸುರಂಗ ರೈಲನ್ನು ಸಕಾಲದಲ್ಲಿ ನಿಲ್ಲಿಸುವ ಆಡಳಿತವೂ ಬೇಕು. ಆದರೆ ಈ ದುರಂತವನ್ನು ತೋರಿಸಿ ಹಸಿರನ್ನೇ ತಳ್ಳಿಹಾಕುವವರಿಗೆ ನನ್ನದೊಂದು ಪ್ರಶ್ನೆ: ಅದೇ ಮಳೆಯನ್ನು ತಡೆಯುವ ಚರಂಡಿಯನ್ನು ತಾವು ಕಟ್ಟಿದ್ದೀರಾ?

ಇನ್ನು ನನ್ನ ಕೋರಿಕೆಗಳು.

ಯಾವ ಮಹಾಯೋಜನೆಯೇ ಇರಲಿ, ಖಾಲಿ ಹಾಳೆಯ ಮೇಲೆ ಮೊದಲ ಗೆರೆ ನೀರಿನದಾಗಿರಲಿ. ಹಳ್ಳ, ತೊರೆ, ಕೆರೆ, ಕೋಡಿ, ಜೌಗು, ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ತಗ್ಗು, ಎಲ್ಲವೂ ಮೊದಲು ಬರಲಿ. ಬೇಸಿಗೆಯಲ್ಲಿ ಸಮೀಕ್ಷೆ ಮಾಡಿ ‘ನೀರಿಲ್ಲ’ ಎಂದು ಬರೆಯುವ ಪದ್ಧತಿ ನಿಲ್ಲಲಿ. ರಸ್ತೆ, ನಿವೇಶನಗಳು ಉಳಿದ ಜಾಗದಲ್ಲಿ ಬರಲಿ. ಇದೊಂದನ್ನು ಕಾನೂನಿನ ಬಲದಿಂದ ಮಾಡಿದರೆ ಉಳಿದ ಅರ್ಧ ಕೆಲಸ ತಾನಾಗಿ ಆಗುತ್ತದೆ. ತಡವಾಗಿ ಎಳೆದ ನೀಲಿ ಗೆರೆ ಪ್ರತಿ ಸಭೆಯಲ್ಲೂ ಹತ್ತು ಮೀಟರ್ ಕಿರಿದಾಗುತ್ತಾ ಹೋದದ್ದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ.

ನೆಲ ಮುಚ್ಚುವುದಕ್ಕೆ ಬೆಲೆಯಿರಲಿ. ಜರ್ಮನಿಯ ಅನೇಕ ನಗರಗಳಲ್ಲಿ ಮಳೆನೀರು ಇಂಗದಂತೆ ಮುಚ್ಚಿದ ಪ್ರತಿ ಚದರ ಮೀಟರಿಗೂ ಮಾಲೀಕರು ಪ್ರತ್ಯೇಕ ಶುಲ್ಕ ಕಟ್ಟುತ್ತಾರೆ, ಹಾಸು ತೆಗೆದು ನೆಲ ಬಿಟ್ಟರೆ ಶುಲ್ಕ ಇಳಿಯುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ 2002ರಿಂದ ಹೊಸ ಸಮತಟ್ಟಾದ ಚಾವಣಿಗಳ ಮೇಲೆ ಗಿಡ ಬೆಳೆಸುವುದನ್ನು ಕಡ್ಡಾಯ ಮಾಡಿದೆ. ದೊಡ್ಡ ವಾಹನ ನಿಲುಗಡೆಗಳಿಂದ, ಸರ್ಕಾರಿ ಕಟ್ಟಡಗಳ ಅಂಗಳದಿಂದಲೇ ಇಂಥ ನಿಯಮ ಶುರುವಾಗಲಿ.

ಪ್ರತಿ ಹಸಿರು ಕಾಮಗಾರಿಯ ಟೆಂಡರಿನಲ್ಲೇ ಕನಿಷ್ಠ ಐದು ವರ್ಷಗಳ ನಿರ್ವಹಣೆಯ ಹಣವೂ, ಹೊಣೆ ಹೊರುವ ವಿಭಾಗದ ಹೆಸರೂ ಇರಲಿ. ಹಣ ಬಿಡುಗಡೆಗೆ ಉದ್ಘಾಟನೆಯ ಛಾಯಾಚಿತ್ರ ಸಾಲದು. ಮೊದಲ ಮಳೆಗೆ ನೀರು ಒಳಗಿಳಿಯಿತೇ ಎಂಬ ವರದಿ ಬೇಕು. ಹಸಿರು ಬಂದ ಬಡಾವಣೆಯಲ್ಲಿ ಬಾಡಿಗೆ ಏರಿ ಹಳೆಯ ನಿವಾಸಿಗಳು ಊರಾಚೆ ಹೋಗದಂತೆ ನೋಡಿಕೊಳ್ಳುವುದೂ ಅದೇ ಯೋಜನೆಯ ಭಾಗವಾಗಲಿ.

ಕೊನೆಯದಾಗಿ, ಈಗಾಗಲೇ ಕೆಲಸ ಮಾಡುತ್ತಿರುವ ನೆಲವನ್ನು ಗುರುತಿಸಿ. ಕೊಲ್ಕತ್ತಾದ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಧ್ರುವಜ್ಯೋತಿ ಘೋಷ್ ಎಂಬ ಸರ್ಕಾರಿ ಎಂಜಿನಿಯರ್ 1980ರ ದಶಕದ ಆರಂಭದಲ್ಲಿ ನಗರದ ಪೂರ್ವದ ಜೌಗಿಗೆ ಹೋದರು. ಅಲ್ಲಿ ಮೀನುಗಾರರೂ ರೈತರೂ ಆ ನೀರನ್ನು ಆಳವಿಲ್ಲದ ಕೊಳಗಳಲ್ಲಿ ಬಿಸಿಲಿಗೆ ಬಿಟ್ಟು, ಪಾಚಿಯಿಂದ ತಿಳಿಯಾಗಿಸಿ, ಮೀನು, ತರಕಾರಿ, ಭತ್ತ ಬೆಳೆಯುತ್ತಿದ್ದರು. ನಕ್ಷೆಯಲ್ಲಿ ಖಾಲಿ ಜಾಗದಂತೆ ಕಾಣುತ್ತಿದ್ದ ನೆಲ ಇಡೀ ನಗರದ ಶುದ್ಧೀಕರಣ ಘಟಕವಾಗಿತ್ತು. ಅವರು ಅದನ್ನು ಅಳೆದು, ಬರೆದು, ಅದಕ್ಕಾಗಿ ಬದುಕಿಡೀ ಹೋರಾಡಿದರು. 2002ರಲ್ಲಿ ಆ 12,500 ಹೆಕ್ಟೇರ್, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಹೊಸದನ್ನು ಕಟ್ಟುವ ಮೊದಲು ತಮ್ಮ ಎಂಜಿನಿಯರುಗಳನ್ನು ಅವರ ಹಾಗೆ ನೀರಿನ ಹಿಂದೆ ನಡೆದು ಬರಲು ಕಳುಹಿಸಿ.

ತಮ್ಮ ಕಚೇರಿಯ ದಾಖಲೆ ಕೋಣೆಯಲ್ಲಿ ಹಳೆಯ ಟ್ರೇಸಿಂಗ್ ಹಾಳೆಗಳ ಸುರುಳಿಗಳಿರುತ್ತವೆ. ದೂಳು ಕೊಡವಿ ಒಂದನ್ನು ತೆಗೆಸಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಬ್ಲೇಡಿನಿಂದ ಕೆರೆದ ಕಡೆ ಹಾಳೆ ತೆಳುವಾಗಿರುತ್ತದೆ, ಉಳಿದ ಭಾಗಕ್ಕಿಂತ ಅಲ್ಲಿ ಬೆಳಕು ಹೆಚ್ಚು ತೂರಿಬರುತ್ತದೆ. ಹಳ್ಳ ಎಲ್ಲಿ ಬಾಗುತ್ತಿತ್ತು, ಎಲ್ಲಿ ಅಗಲವಾಗುತ್ತಿತ್ತು ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ಮಹಾಯೋಜನೆಯ ಸಭೆ ಕರೆಯುವ ಮೊದಲು ಆ ಗೆರೆಯ ಮೇಲೆ ನೀಲಿ ಶಾಯಿ ಹಾಯಿಸಿ, ಆ ಹಾಳೆಯನ್ನು ಸಭೆಯ ಮೇಜಿನ ಮೇಲೆ ಹರಡಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ನಿವೃತ್ತ ನಕ್ಷೆಗಾರ